ಕಾರಿನ ಬ್ಯಾಟರಿ ಮನೆಯಲ್ಲೇ ಬದಲಿಸಬಹುದು, ಆದರೆ ಕೆಟ್ಟಿರುವುದು ಬ್ಯಾಟರಿಯೇನಾ?

ಪ್ರಶ್ನೆ: ತೀರ್ಥಹಳ್ಳಿಯಿಂದ ಒಳಗೆ ಒಂದು ಹಳ್ಳಿಯಲ್ಲಿ ನಮ್ಮ ಮನೆ. 2016ರ ಪೆಟ್ರೋಲ್ ವ್ಯಾಗನ್ ಆರ್ ಇದೆ. ಬ್ಯಾಟರಿ ಹಾಕಿಸಿ ನಾಲ್ಕು ವರ್ಷ ಆಗುತ್ತಾ ಬಂತು. ಮಳೆ ಜೋರು ಅಂತ ಐದು ವಾರ ಕಾರು ತೆಗೆದಿರಲಿಲ್ಲ. ಮೊನ್ನೆ ಕೀ ತಿರುಗಿಸಿದರೆ ಬರೀ ಟಕಟಕ ಅಂತ ಸದ್ದು. ಮೆಕ್ಯಾನಿಕ್ ಈ ಮಳೆಯಲ್ಲಿ ಬರುವುದಿಲ್ಲವಂತೆ. ಹೊಸ ಬ್ಯಾಟರಿ ತಂದು ನಾನೇ ಹಾಕಬಹುದಾ? ಶಾಕ್ ಹೊಡೆಯುತ್ತಾ? ಬ್ಯಾಟರಿ ತೆಗೆದರೆ ಕಾರಿನ ಕಂಪ್ಯೂಟರ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತೆ ಅಂತ ಮಗ ಹೆದರಿಸುತ್ತಿದ್ದಾನೆ. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಧಾರಾಳವಾಗಿ ಹಾಕಬಹುದು. ಸ್ಪ್ಯಾನರ್ ಹಿಡಿದು ಗೊತ್ತಿರುವ ಯಾರಾದರೂ ಮಾಡಬಹುದಾದ ಕೆಲಸ, ಮೊದಲ ಸಲ ಅಂದರೆ ಅರ್ಧ ಗಂಟೆ ಹಿಡಿಯಬಹುದು. ಶಾಕ್ ಹೊಡೆಯುವುದಿಲ್ಲ. ಮಗನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆದರೆ ಹೊಸ ಬ್ಯಾಟರಿ ತರಲು ಇವತ್ತೇ ಪೇಟೆಗೆ ಹೊರಡಬೇಡಿ ಮಾರಾಯ್ರೆ. ನೀವು ಬರೆದಿರುವುದರಲ್ಲಿ ಮುಖ್ಯವಾದ ಮಾತು ಆ "ಐದು ವಾರ". ನಾನು ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸಕ್ಕೆ ಕೂತು 26 ವರ್ಷ ಆಯಿತು. ಪ್ರತಿ ಆಷಾಢದಲ್ಲೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಇದೇ ಕಥೆ ಬರುತ್ತದೆ. ಕಾರು ನಿಂತಿತ್ತು, ಸೆಲ್ಫ್ ತಗೊಳ್ಳಲಿಲ್ಲ, ಬ್ಯಾಟರಿ ಸತ್ತುಹೋಯಿತು ಅಂತ. ಚಾರ್ಜಿಗೆ ಹಾಕಿ ನೋಡಿದರೆ ಎಷ್ಟೋ ಬ್ಯಾಟರಿ ಸತ್ತಿರುವುದೇ ಇಲ್ಲ, ಬರೀ ಹಸಿದಿರುತ್ತದೆ.

ಲೆಕ್ಕ ಹಾಕೋಣ. ಕೀ ತೆಗೆದು ಬಾಗಿಲು ಹಾಕಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಸೆಂಟ್ರಲ್ ಲಾಕ್, ಇಂಜಿನ್ ಕಂಪ್ಯೂಟರಿನ ನೆನಪು ಇವೆಲ್ಲ ಚೂರುಚೂರು ಕರೆಂಟು ಕುಡಿಯುತ್ತಲೇ ಇರುತ್ತವೆ. ಸಣ್ಣ ಕಾರಿನಲ್ಲಿ ಅದು 25 ಮಿಲಿಆಂಪಿಯರ್ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ 0.6 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ) ಆಯಿತು. ಐದು ವಾರಕ್ಕೆ 21. ನಿಮ್ಮಂಥ ಸಣ್ಣ ಪೆಟ್ರೋಲ್ ಕಾರಿನಲ್ಲಿ ಇರುವುದು ಸಾಮಾನ್ಯವಾಗಿ 35 ಆಂಪಿಯರ್-ಅವರ್ ಬ್ಯಾಟರಿ. ಅದೂ ನಾಲ್ಕು ವರ್ಷದ್ದು, ಅಂದರೆ ಹೊಸದರಲ್ಲಿ ಹಿಡಿಯುತ್ತಿದ್ದಷ್ಟು ಈಗ ಹಿಡಿಯುವುದಿಲ್ಲ. ಇನ್ನು ನಿಲ್ಲಿಸುವ ಮುಂಚೆ ವೈಪರ್, ಲೈಟು, ಬ್ಲೋವರ್ ಎಲ್ಲಾ ಹಾಕಿಕೊಂಡು ಮಳೆಯಲ್ಲಿ ಬರೀ ಎರಡು ಮೂರು ಕಿಲೋಮೀಟರ್ ಓಡಿಸಿದ್ದರೆ ಅದು ತುಂಬಿರಲೂ ಇಲ್ಲ. ಉಳಿದಿದ್ದೆಷ್ಟು ಹೇಳಿ.

ಟಕಟಕ ಸದ್ದೂ ಅದನ್ನೇ ಹೇಳುತ್ತದೆ. ಸೆಲ್ಫ್ ಮೋಟರಿನ ಸ್ವಿಚ್ಚು ಎಳೆದುಕೊಳ್ಳುತ್ತದೆ, ಮೋಟರು ಕರೆಂಟು ಕೇಳಿದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸ್ವಿಚ್ಚು ಕೈಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಮೇಲೇಳುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಬೇಗಬೇಗ ಟಕಟಕ ಅಂದರೆ ಬ್ಯಾಟರಿ ಡೌನ್, ಇಲ್ಲಾ ಟರ್ಮಿನಲ್ ಸಡಿಲ. ಒಂದೇ ಒಂದು ಸಲ ದಪ್ಪಗೆ ಟಕ್ ಅಂತ ಬಂದು ಸುಮ್ಮನಾದರೆ ಸೆಲ್ಫ್ ಮೋಟರಿನ ಮೇಲೆ ಅನುಮಾನ ಪಡಬೇಕು. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ ನೋಡಿ. ಲೈಟು ಮಂಕಾಗಿ ಸತ್ತಂತಾದರೆ ಬ್ಯಾಟರಿ ಕಡೆ ನೋಡಿ. ಲೈಟು ಝಗಮಗ ಹಾಗೇ ಇದ್ದು ಸೆಲ್ಫ್ ಮಾತ್ರ ತಿರುಗದಿದ್ದರೆ ಹೊಸ ಬ್ಯಾಟರಿ ತಂದರೂ ಪ್ರಯೋಜನ ಇಲ್ಲ.

ಮೊದಲ ಕೆಲಸ, ಬಾನೆಟ್ ಎತ್ತಿ ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು-ನೀಲಿ ಬಣ್ಣದ ಬೂಷ್ಟಿನಂಥದ್ದು ಕಟ್ಟಿಕೊಂಡಿದೆಯಾ? ಆ ನೀಲಿ ಬಣ್ಣ ನಿಮಗೆ ಗುರುತಿರಲೇಬೇಕು, ಅಡಿಕೆಗೆ ಕೊಳೆ ಔಷಧಿ ಕಲೆಸುವ ಮೈಲುತುತ್ತವೇ ಅದು. ಬ್ಯಾಟರಿಯ ಗಂಧಕಾಮ್ಲದ ಹಬೆ ವೈರಿನ ತಾಮ್ರಕ್ಕೆ ತಾಗಿದರೆ ತಾಮ್ರದ ಸಲ್ಫೇಟ್ ಆಗುತ್ತದೆ, ಅದೇ ಮೈಲುತುತ್ತ. ಸೀಸದ ಮೇಲೆ ಕಟ್ಟುವುದು ಬಿಳಿ. ಎರಡರಲ್ಲೂ ಕರೆಂಟು ಸರಿಯಾಗಿ ದಾಟುವುದಿಲ್ಲ. ಬ್ಯಾಟರಿ ತುಂಬಿದ್ದರೂ ಸೆಲ್ಫ್ ತಿರುಗುವುದಿಲ್ಲ. ಇದನ್ನು ತೊಳೆದು ಬಿಗಿ ಮಾಡಿದ ಮೇಲೆ ಕಾರು ಸುಮ್ನೆ ಸ್ಟಾರ್ಟ್ ಆಗಿ ಹೋಗಿದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಎರಡನೆಯದು, ಒಂದು ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ಕಾರು, ಬೈಕು, ಇನ್ವರ್ಟರ್ ಇಟ್ಟುಕೊಂಡವರು ಇದನ್ನೂ ಇಟ್ಟುಕೊಂಡಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕ್ಲಾಂಪಿಗಲ್ಲ, ಮಧ್ಯದಲ್ಲಿ ಕಾಣುವ ಸೀಸದ ಗೂಟಕ್ಕೇ ತಾಗಿಸಿ. ರಾತ್ರಿಯಿಡೀ ಸುಮ್ಮನೆ ನಿಂತಿದ್ದ ಬ್ಯಾಟರಿ 12.6 ತೋರಿಸಿದರೆ ತುಂಬಿದೆ ಅಂತ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗವೂ ಕಷ್ಟ. ಒಳಗೆ ಆರು ಸೆಲ್ ಇವೆ, ಒಂದೊಂದು ಸುಮಾರು 2.1 ವೋಲ್ಟಿನದು. ಹಾಗಾಗಿ ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ಕೂತಿದ್ದರೆ ಒಂದು ಸೆಲ್ ಹೋಗಿದೆ ಅಂತ ಅರ್ಥ. ಅದನ್ನು ಯಾವ ಚಾರ್ಜರೂ ಎಬ್ಬಿಸುವುದಿಲ್ಲ.

ನಿಮ್ಮದು 12ಕ್ಕಿಂತ ಕೆಳಗೇ ತೋರಿಸುತ್ತದೆ ಅನ್ನಿಸುತ್ತದೆ. ಚಾರ್ಜ್ ಮಾಡಿ. ತಡ ಮಾಡಬೇಡಿ, ಖಾಲಿಯಾಗಿ ಕೂತಷ್ಟು ದಿನ ಒಳಗಿನ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತಾ ಹೋಗುತ್ತದೆ. ವಾರದೊಳಗೆ ಚಾರ್ಜ್ ಮಾಡಿದರೆ ಬದುಕುವ ಬ್ಯಾಟರಿ ಎರಡು ತಿಂಗಳು ಬಿಟ್ಟರೆ ಬದುಕುವುದಿಲ್ಲ. 35ರ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ ಮೂರೂವರೆ ಆಂಪಿಯರಿನಲ್ಲಿ ಹತ್ತು ಹನ್ನೆರಡು ಗಂಟೆ ಬೇಕು. ಮಧ್ಯೆ ಕರೆಂಟು ಹೋಗುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಕೇಳಬೇಕೆ. ಹೋದರೆ ಹೋಗಲಿ, ಬಂದಾಗ ಮುಂದುವರಿಯುತ್ತದೆ, ಹಾಳಾಗುವುದಿಲ್ಲ. ಜಗಲಿಯಲ್ಲಿ ಗಾಳಿ ಆಡುವ ಕಡೆ ಇಡಿ. ಬಚ್ಚಲ ಒಲೆ ಪಕ್ಕ ಬೆಚ್ಚಗಿರುತ್ತದೆ ಅಂತ ಅಲ್ಲಿ ಇಡುವವರೂ ಇದ್ದಾರೆ, ದಯವಿಟ್ಟು ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು ಡಬ್ಬಿಯೇ ಒಡೆದು ಆಸಿಡ್ ಮುಖಕ್ಕೆ ಹಾರಲು. ಕ್ಲಿಪ್ ಹಾಕಿದ ಮೇಲೆ ಸ್ವಿಚ್ ಹಾಕಿ, ತೆಗೆಯುವಾಗ ಮೊದಲು ಸ್ವಿಚ್ ಆಫ್ ಮಾಡಿ ಆಮೇಲೆ ಕ್ಲಿಪ್.

ಚಾರ್ಜರ್ ಇಲ್ಲ, ಮನೆಯ ಇನ್ವರ್ಟರಿಗೇ ಸಿಕ್ಕಿಸಿ ಚಾರ್ಜ್ ಮಾಡಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಅದು 150 ಆಂಪಿಯರ್-ಅವರ್‌ನ ದೊಡ್ಡ ಟ್ಯೂಬುಲರ್ ಬ್ಯಾಟರಿಗೆ ಅಂತ ಮಾಡಿದ್ದು, 10-15 ಆಂಪಿಯರ್ ತಳ್ಳುತ್ತದೆ. ನಿಮ್ಮ ಪುಟ್ಟ ಬ್ಯಾಟರಿ ಕುದಿದು ಉಬ್ಬುತ್ತದೆ. ಪೇಟೆಗೆ ಹೋಗುವ ಯಾರದ್ದಾದರೂ ಜೀಪಿನಲ್ಲಿ ಬ್ಯಾಟರಿ ಕಳಿಸಿ, ಅಂಗಡಿಯಲ್ಲಿ ಒಂದು ದಿನ ಚಾರ್ಜಿಗೆ ಹಾಕಿಸಿ ತರಿಸಿ. ಇಷ್ಟರಲ್ಲಿ ಅರ್ಧ ಕೆಲಸ ಕಲಿತೂ ಆಗಿರುತ್ತದೆ, ಬ್ಯಾಟರಿ ಬಿಚ್ಚಬೇಕಲ್ಲ.

ಇನ್ನೊಂದು ದಾರಿ ಪಕ್ಕದ ಮನೆಯ ಕಾರಿನಿಂದ ಜಂಪ್ ಕೊಡುವುದು. ಕೆಂಪು ಕೇಬಲ್ ಮೊದಲು ನಿಮ್ಮ ಪ್ಲಸ್‌ಗೆ, ಆಮೇಲೆ ಅವರ ಪ್ಲಸ್‌ಗೆ. ಕಪ್ಪು ಕೇಬಲ್ ಅವರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಬ್ಯಾಟರಿಗಲ್ಲ, ಬ್ಯಾಟರಿಯಿಂದ ದೂರ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಕೊನೆಯ ಕಿಡಿ ಬ್ಯಾಟರಿ ಮೇಲೆ ಬೀಳಬಾರದು, ಅಷ್ಟಕ್ಕೇ. ತಳ್ಳಿ ಸ್ಟಾರ್ಟ್ ಮಾಡುವುದನ್ನು ಮಾತ್ರ ನಾನು ನಿಮ್ಮ ಕಡೆ ಒಪ್ಪುವುದಿಲ್ಲ. ಮನೆ ದಿಬ್ಬದ ಮೇಲೆ, ದಾರಿ ಪಾಚಿ ಕಟ್ಟಿ ಜಾರುತ್ತಿರುತ್ತದೆ, ಕೆಳಗೆ ತೋಟ. ಇಂಜಿನ್ ನಡೆಯದಿದ್ದಾಗ ಬ್ರೇಕ್ ಕಲ್ಲಿನ ಹಾಗೆ ಆಗುತ್ತದೆ, ಸ್ಟಿಯರಿಂಗ್ ತಿರುಗಿಸಲು ತುಂಬಾ ಬಲ ಬೇಕಾಗುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಪೆಟ್ರೋಲ್ ಪಂಪಿಗೂ ಕರೆಂಟು ಇರುವುದಿಲ್ಲ, ಎಷ್ಟು ತಳ್ಳಿದರೂ ಇಂಜಿನ್ ಏಳುವುದಿಲ್ಲ. ಕಾರು ಮಾತ್ರ ಅಡಿಕೆ ಮರ ಹುಡುಕಿಕೊಂಡು ಹೋಗುತ್ತದೆ.

ಚಾರ್ಜ್ ಆಯಿತು. ಒಂದು ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ಅಳೆಯಿರಿ. 12.5, 12.6 ನಿಂತಿದ್ದರೆ ಕಾರಿಗೆ ಹಾಕಿ, ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಮೀಟರ್ ನೋಡಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ಇನ್ನೂ ಗಟ್ಟಿ ಇದೆ, ಇನ್ನೊಂದಷ್ಟು ದಿನ ಆರಾಮಾಗಿ ಓಡಿಸಿ. ರಾತ್ರಿ ತುಂಬಿದ್ದು ಬೆಳಿಗ್ಗೆ ತಾನಾಗೇ 12.2ಕ್ಕೆ ಇಳಿದಿದ್ದರೆ, ಅಥವಾ ಸೆಲ್ಫ್ ಹೊಡೆದಾಗ ಎಂಟಕ್ಕೆ ಬಿದ್ದರೆ, ಆಗ ಹೊಸದು ತನ್ನಿ. ನಾಲ್ಕು ವರ್ಷ ಬಂದಿದ್ದರೆ ಅದಕ್ಕೆ ಬೈಯಬೇಡಿ. ನಮ್ಮ ಕಡೆ ಮೂರರಿಂದ ಐದು ವರ್ಷ ಅದರ ಆಯಸ್ಸು. ಜನ ಮಳೆ, ಚಳಿಗೆ ಹೋಯಿತು ಅನ್ನುತ್ತಾರೆ. ನಿಜವಾಗಿ ಪ್ಲೇಟು ಸವೆಸುವುದು ಮಾರ್ಚ್, ಏಪ್ರಿಲ್‌ನ ಸೆಕೆ. ತಂಡಿಯಲ್ಲಿ ಇಂಜಿನ್ ತಿರುಗಿಸಲು ಜಾಸ್ತಿ ಬಲ ಬೇಕಾದಾಗ ಅದು ಗೊತ್ತಾಗುತ್ತದೆ, ಅಷ್ಟೇ.

ತರುವಾಗ ಹಳೆಯ ಬ್ಯಾಟರಿಯ ಲೇಬಲ್ ಫೋನಿನಲ್ಲಿ ಫೋಟೊ ಹೊಡೆದುಕೊಂಡು ಹೋಗಿ. 38ಬಿ20ಎಲ್ ಅಂತ ಏನೋ ಇರುತ್ತದೆ. ಅದರಲ್ಲಿ 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್, ಕೊನೆಯ ಎಲ್ ಅಥವಾ ಆರ್ ಅಂದರೆ ಪ್ಲಸ್ ಮೈನಸ್ ಯಾವ ಕಡೆ ಅಂತ. ಈ ಕೊನೆಯ ಅಕ್ಷರ ತಪ್ಪಿದರೆ ವೈರ್ ಎಟುಕುವುದಿಲ್ಲ. ಎಟುಕಿದರೆ ಇನ್ನೂ ಕಷ್ಟ, ಉಲ್ಟಾ ಹಾಕಿಬಿಡುತ್ತೀರಿ. ಸ್ವಲ್ಪ ಜಾಸ್ತಿ ಆಂಪಿಯರಿನದು ಹಾಕಿದರೆ ವೈರಿಂಗ್ ಸುಟ್ಟುಹೋಗುತ್ತದೆ ಅನ್ನುವುದು ಸುಳ್ಳು. ಬಾವಿ ದೊಡ್ಡದಿದೆ ಅಂತ ಕೊಡಪಾನದಲ್ಲಿ ಜಾಸ್ತಿ ನೀರು ಬರುತ್ತದಾ? ಕಾರು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಆದರೆ ಟ್ರೇಯಲ್ಲಿ ಕೂರಬೇಕು, ಮೇಲಿನ ಪಟ್ಟಿ ಹಿಡಿಯಬೇಕು. ದೊಡ್ಡದು ಹಾಕಿದರೆ ನಿಂತ ಕಾರಿಗೆ ಒಂದೆರಡು ವಾರ ಜಾಸ್ತಿ ಬರಬಹುದು, ಬರೀ ಸಣ್ಣ ಓಡಾಟಕ್ಕೆ ಅದು ತುಂಬುವುದೂ ಇಲ್ಲ. ನನ್ನನ್ನು ಕೇಳಿದರೆ ಇದ್ದ ಅಳತೆಯದೇ ತನ್ನಿ.

ಅಂಗಡಿಯಲ್ಲಿ, ಅದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸೇ ಆಗಲಿ ತೀರ್ಥಹಳ್ಳಿ ಪೇಟೆಯೇ ಆಗಲಿ, ಮೂರು ವಿಷಯ ಸಂಕೋಚ ಬಿಟ್ಟು ಕೇಳಿ. ತಯಾರಾದ ತಿಂಗಳು ಯಾವುದು, ಆರು ತಿಂಗಳಿಗಿಂತ ಹಳೆಯ ಸ್ಟಾಕ್ ಬೇಡ ಅನ್ನಿ. ನಿಮ್ಮೆದುರೇ ವೋಲ್ಟೇಜ್ ಅಳೆಯಲಿ, 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ. ವಾರಂಟಿ ಕಾರ್ಡಿಗೆ ಸೀಲು, ತಾರೀಕು, ಬಿಲ್ಲು. 24+24 ತಿಂಗಳು ಅಂತ ಬರೆದಿದ್ದರೆ ನಾಲ್ಕು ವರ್ಷ ಪುಕ್ಕಟೆ ಬದಲಿ ಅಂತ ತಿಳಿಯಬೇಡಿ. ಮೊದಲ 24 ತಿಂಗಳು ಪೂರ್ತಿ ಬದಲಿ, ಆಮೇಲಿನ 24 ತಿಂಗಳು ಹೊಸದರ ಬೆಲೆಯಲ್ಲಿ ಒಂದಷ್ಟು ರಿಯಾಯಿತಿ ಮಾತ್ರ.

ಈಗ ಹಾಕುವ ಕೆಲಸ. ಮಳೆ ಬಿಟ್ಟ ಹೊತ್ತು ನೋಡಿ, ಇಲ್ಲಾ ಕೊಟ್ಟಿಗೆ ಮಾಡಿನ ಕೆಳಗೆ. ಲುಂಗಿ, ಪಂಚೆ ಉಟ್ಟು ಮಾಡಬೇಡಿ. ತಮಾಷೆಗೆ ಹೇಳುತ್ತಿಲ್ಲ. ನಾನು ಒಂದು ಸಲ ಮನೆಯಲ್ಲಿ ಹೊಸ ಪಂಚೆಯಲ್ಲೇ ಬ್ಯಾಟರಿ ಎತ್ತಿಟ್ಟೆ, ಮೇಲೆ ಏನೂ ಕಾಣಲಿಲ್ಲ. ವಾರ ಬಿಟ್ಟು ಒಗೆದಾಗ ತೊಡೆಯ ಹತ್ತಿರ ಜರಡಿ ಹಿಡಿದ ಹಾಗೆ ತೂತು. ಆಸಿಡ್ ಬಿದ್ದದ್ದು ಹತ್ತಿ ಬಟ್ಟೆಯಲ್ಲಿ ಒಗೆದಾಗಲೇ ಗೊತ್ತಾಗುವುದು. ಹಳೆಯ ಪ್ಯಾಂಟು, ರಬ್ಬರ್ ಗ್ಲೌಸು, ಕನ್ನಡಕ ಇದ್ದರೆ ಕನ್ನಡಕ. ಕಣ್ಣಿಗೆ ಹಾರಿದರೆ ಬರೀ ನೀರಿನಲ್ಲಿ ಕಾಲು ಗಂಟೆ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಿ.

ಉಂಗುರ, ಲೋಹದ ವಾಚು, ಕೈಬಳೆ ತೆಗೆದಿಡಿ. 12 ವೋಲ್ಟ್ ಮನುಷ್ಯನಿಗೆ ಶಾಕ್ ಹೊಡೆಯುವುದಿಲ್ಲ, ಒಣ ಕೈಯಲ್ಲಿ ಎರಡೂ ಟರ್ಮಿನಲ್ ಮುಟ್ಟಿದರೂ ಏನೂ ಆಗುವುದಿಲ್ಲ. ಆದರೆ ಲೋಹ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ, ಉಂಗುರ ಕ್ಷಣದಲ್ಲಿ ಕೆಂಪಾಗಿ ಬೆರಳು ಸುಡುತ್ತದೆ. ನನ್ನ ಡಬ್ಬಿಯಲ್ಲಿ ಇನ್ನೂ ಒಂದು 10 ನಂಬರ್ ಸ್ಪ್ಯಾನರ್ ಇದೆ, ಅದರ ಹಿಡಿಯ ಮಧ್ಯೆ ಯಾರೋ ಕಚ್ಚಿದ ಹಾಗೆ ಅರ್ಧ ಚಂದ್ರಾಕಾರದ ಗುಳಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಪ್ಲಸ್ ನಟ್ಟು ಸಡಿಲಿಸುವಾಗ ಆ ಹಿಡಿ ಹೋಗಿ ಬಾಡಿಗೆ ತಾಗಿತು. ಢಂ ಅಂತ ಬೆಳಕು, ಅಷ್ಟು ಕಬ್ಬಿಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಸ ಹುಡುಗರು ಬಂದಾಗ ಪಾಠ ಅಂತ ಅದನ್ನೇ ಕೈಗೆ ಕೊಡುತ್ತೇನೆ.

ಅದಕ್ಕೇ ಮೈನಸ್ ಮೊದಲು ಬಿಚ್ಚಬೇಕು ಅನ್ನುವುದು. ಕಾರಿನ ಬಾಡಿ ಪೂರ್ತಿ ಮೈನಸ್‌ಗೆ ಸೇರಿದ್ದು. ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಇಲ್ಲ, ಎರಡೂ ಒಂದೇ. ಮೈನಸ್ ಬಿಟ್ಟ ಮೇಲೆ ಪ್ಲಸ್ ಬಿಚ್ಚುವಾಗ ತಾಗಿದರೂ ಏನೂ ಇಲ್ಲ, ದಾರಿಯೇ ಕಡಿದಿದೆ. ಹಾಕುವಾಗ ತಿರುವು ಮುರುವು. ಮೊದಲು ಪ್ಲಸ್, ಕೊನೆಗೆ ಮೈನಸ್. ಕಾರಣ ಗೊತ್ತಿದ್ದರೆ ಕ್ರಮ ಬಾಯಿಪಾಠ ಮಾಡುವುದೇ ಬೇಡ, ಅಲ್ವಾ? ಇನ್ನೊಂದು ಉಪಾಯ, ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಸ್ಪ್ಯಾನರಿನ ಹಿಡಿಗೆ ತೊಡಿಸಿ. ಪುಕ್ಕಟೆ ಇನ್ಸುಲೇಶನ್.

ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಒಂದು ಗ್ಲಾಸು ಇಳಿಸಿಡಿ. ಕರೆಂಟು ಹೋದ ಮೇಲೆ ಸೆಂಟ್ರಲ್ ಲಾಕ್ ಹಠ ಮಾಡಿದರೆ ಕೀ ಒಳಗೆ, ನೀವು ಹೊರಗೆ ಆಗಬಾರದು. ಐದು ನಿಮಿಷ ಕಾದು ಬಾನೆಟ್ ಎತ್ತಿ ಮೊದಲು ಫೋಟೊ. ಮೈನಸ್ ಕ್ಲಾಂಪ್ ಸಡಿಲಿಸಿ ಎತ್ತಿ, ಅದರ ತಲೆಗೆ ಒಣ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ, ತಾನಾಗೇ ವಾಪಸ್ ಬಂದು ತಾಗಬಾರದು. ಆಮೇಲೆ ಪ್ಲಸ್. ಕ್ಲಾಂಪ್ ಕಚ್ಚಿ ಕೂತಿದ್ದರೆ ಸುತ್ತಿಗೆಯಲ್ಲಿ ಹೊಡೆಯಬೇಡಿ, ಜೋರಾಗಿ ಅಲುಗಿಸಲೂ ಬೇಡಿ, ಸೀಸದ ಗೂಟ ಒಳಗಿನ ಬೆಸುಗೆಯಿಂದಲೇ ಬಿಟ್ಟುಕೊಳ್ಳುತ್ತದೆ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ನಿಧಾನ ಸುರಿಯಿರಿ. ನೊರೆ ಬರುತ್ತದೆ, ಆಸಿಡ್ ಸಾಯುತ್ತಿದೆ ಅಂತ ಅದರ ಅರ್ಥ. ಬ್ಯಾಟರಿಗೆ ಬಿರಡೆ ಇದ್ದರೆ ಅದರೊಳಗೆ ಸೋಡ ನೀರು ಹೋಗದ ಹಾಗೆ ನೋಡಿಕೊಳ್ಳಿ. ಸ್ಕ್ರೂಡ್ರೈವರ್ ತುದಿಯಲ್ಲಿ ಕ್ಲಾಂಪಿನ ಬಾಯಿ ಸ್ವಲ್ಪ ಅಗಲಿಸಿದರೆ ಕೈಯಲ್ಲೇ ಬರುತ್ತದೆ.

ಬ್ಯಾಟರಿ ಹಿಡಿದಿರುವ ಪಟ್ಟಿ ಬಿಚ್ಚಿ ನೇರವಾಗಿ ಎತ್ತಿ. ಸುಮಾರು 9-10 ಕಿಲೋ ಇರುತ್ತದೆ. ಡೀಸೆಲ್ ಗಾಡಿಗಳದ್ದು 15 ಕಿಲೋ ದಾಟುತ್ತದೆ, ಬಗ್ಗಿ ಒಂದೇ ಉಸಿರಿಗೆ ಎತ್ತಿದರೆ ಸೊಂಟ ಹೋಗುತ್ತದೆ. ಓರೆ ಮಾಡಬೇಡಿ. ಟ್ರೇಯಲ್ಲಿ ನೀವು ನಿರೀಕ್ಷಿಸದ ಸಂಸಾರ ಇರಬಹುದು. ಐದು ವಾರ ನಿಂತ ಕಾರು ಅಂದರೆ ಇಲಿಗೆ ಬಾಡಿಗೆ ಇಲ್ಲದ ಮನೆ. ಹುಲ್ಲು, ಅಡಿಕೆ ಸಿಪ್ಪೆ, ಕತ್ತರಿಸಿದ ಸ್ಪಂಜು ಸಿಕ್ಕರೆ ವೈರುಗಳನ್ನೂ ಒಮ್ಮೆ ಬೆರಳಾಡಿಸಿ ನೋಡಿ. ಇಲಿ ಕಚ್ಚಿ ಬರಿದಾದ ವೈರ್ ಬಾಡಿಗೆ ತಾಗಿ ಕರೆಂಟು ಸೋರುತ್ತಿದ್ದರೆ ಹೊಸ ಬ್ಯಾಟರಿಯೂ ಇದೇ ದಾರಿ ಹಿಡಿಯುತ್ತದೆ.

ಟ್ರೇಯನ್ನು ಅದೇ ಸೋಡ ನೀರಿನಲ್ಲಿ ಒರೆಸಿ ಒಣಗಿಸಿ. ಕ್ಲಾಂಪಿನ ಒಳಮೈಯನ್ನು ಮರಳು ಕಾಗದದಲ್ಲಿ ಹೊಳೆಯುವ ತನಕ ತಿಕ್ಕಿ. ಹೊಸ ಬ್ಯಾಟರಿ ಇಟ್ಟು, ಪಟ್ಟಿ ಬಿಗಿ ಮಾಡಿ. ಅಲ್ಲಾಡಬಾರದು, ಹಾಗಂತ ಡಬ್ಬಿ ಬಿರಿಯುವಷ್ಟೂ ಬೇಡ. ನಮ್ಮ ಹಳ್ಳಿ ರಸ್ತೆಯಲ್ಲಿ ಪಟ್ಟಿ ಇಲ್ಲದೆ ಕುಣಿಯುವ ಬ್ಯಾಟರಿಯ ಒಳಗೆ ಪ್ಲೇಟು ಪುಡಿ ಉದುರಿ ತಳದಲ್ಲಿ ಶಾರ್ಟ್ ಆಗುತ್ತದೆ. ಎಷ್ಟೋ ಕಾರಿನಲ್ಲಿ ಹಿಂದಿನವರು ಪಟ್ಟಿ ಹಾಕುವ ಗೋಜಿಗೇ ಹೋಗಿರುವುದಿಲ್ಲ, ಒಂದು ತುಂಡು ಸುತಳಿ ಕಟ್ಟಿರುತ್ತಾರೆ.

ಪ್ಲಸ್, ಮೈನಸ್ ಗುರುತನ್ನು ಡಬ್ಬಿಯ ಮೇಲೆ ಕೆತ್ತಿದ್ದು ನೋಡಿಯೇ ನಂಬಿ. ವೈರಿನ ಬಣ್ಣ ನಂಬಬೇಡಿ, ಹತ್ತು ವರ್ಷದ ಧೂಳು, ಕೆಸರಿಗೆ ಎಲ್ಲಾ ವೈರೂ ಕಪ್ಪೇ. ಪ್ಲಸ್ ಗೂಟ ಮೈನಸ್‌ಗಿಂತ ಒಂಚೂರು ದಪ್ಪ ಇರುತ್ತದೆ. ಹಾಗಾಗಿ ಕ್ಲಾಂಪು ಇಳಿಯುತ್ತಿಲ್ಲ ಅಂದರೆ ಬಲ ಹಾಕುವ ಮುಂಚೆ ಉಲ್ಟಾ ಹಿಡಿದಿದ್ದೀರಾ ನೋಡಿ. ಉಲ್ಟಾ ಹಾಕಿದರೆ ಪುಣ್ಯ ಇದ್ದರೆ ಮೇನ್ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಡೈನಮೋದ ಡಯೋಡು, ಕಂಪ್ಯೂಟರು. ಇಡೀ ಕೆಲಸದಲ್ಲಿ ನಿಜವಾಗಿ ದುಬಾರಿ ಆಗುವ ತಪ್ಪು ಇದೊಂದೇ. ಮೈನಸ್ ಕೊನೆಗೆ ಸೇರಿಸುವಾಗ ಸಣ್ಣ ಕಿಡಿ ಬಂದರೆ ಗಾಬರಿ ಆಗಬೇಡಿ. ಕ್ಲಾಂಪ್ ಕೈಯಲ್ಲಿ ತಿರುಗಿಸಿದರೆ ತಿರುಗಬಾರದು, ಅಷ್ಟು ಬಿಗಿ ಸಾಕು. ಮೇಲೆ ವ್ಯಾಸಲೀನ್ ಸವರಿ. ಸವರಿ ಬಿಗಿ ಮಾಡುವುದಲ್ಲ, ಬಿಗಿ ಮಾಡಿ ಸವರುವುದು.

ಸ್ಟಾರ್ಟ್ ಮಾಡಿ. ಇಲ್ಲಿಗೆ ಮುಗಿಯಿತು ಅಂತ ಬಾನೆಟ್ ಹಾಕಬೇಡಿ, ಇಂಜಿನ್ ಓಡುವಾಗ ಮತ್ತೊಮ್ಮೆ ಮೀಟರ್ ಹಿಡಿಯಿರಿ. 13.8ರಿಂದ 14.4ರ ಒಳಗಿದ್ದರೆ ಡೈನಮೋ ಚಾರ್ಜ್ ಮಾಡುತ್ತಿದೆ. ಲೈಟು, ಬ್ಲೋವರ್ ಹಾಕಿದಾಗ ಸ್ವಲ್ಪ ಇಳಿದರೂ 13ರ ಮೇಲೆ ಚೆನ್ನಾಗಿ ನಿಲ್ಲಬೇಕು. ಇಂಜಿನ್ ಓಡುತ್ತಿದ್ದರೂ 12.4 ಅಂತಲೇ ತೋರಿಸಿದರೆ ಡೈನಮೋ ಅಥವಾ ಅದರ ಬೆಲ್ಟು ಕೈಕೊಟ್ಟಿದೆ. ಹೊಸನಗರದ ಕಡೆಯ ಒಬ್ಬರು ಬೇರೆಲ್ಲೋ ಹೊಸ ಬ್ಯಾಟರಿ ಹಾಕಿಸಿಕೊಂಡು ನಾಲ್ಕನೇ ದಿನ ಅದೂ ಡೌನ್ ಆಗಿ, ಬ್ಯಾಟರಿ ಕಂಪನಿಗೆ ಬೈಯುತ್ತಾ ನನ್ನ ಹತ್ತಿರ ಬಂದರು. ಅಳೆದರೆ 12.1. ಹಾಕಿದವರು ಅರ್ಧ ನಿಮಿಷ ಮೀಟರ್ ಹಿಡಿದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅವರ ಹಳೆಯ ಬ್ಯಾಟರಿ ಚೆನ್ನಾಗಿಯೇ ಇತ್ತೇನೋ, ಅಷ್ಟರಲ್ಲಿ ಅದು ಎಕ್ಸ್‌ಚೇಂಜಿಗೆ ಹೋಗಿಯಾಗಿತ್ತು.

ನಿಮ್ಮ ಮಗನಿಗೆ ಹೇಳಿ, ಕಂಪ್ಯೂಟರಿನ ಮುಖ್ಯ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ. ಹೋಗುವುದು ಗಡಿಯಾರದ ಸಮಯ, ರೇಡಿಯೋ ಸ್ಟೇಷನ್ನು, ಮತ್ತೆ ಇಂಜಿನ್ ಇಷ್ಟು ದಿನ ಓಡಿ ಕಲಿತುಕೊಂಡ ಸಣ್ಣಪುಟ್ಟ ಹೊಂದಾಣಿಕೆ. ಮೊದಲ ಕೆಲವು ನಿಮಿಷ ಐಡ್ಲಿಂಗ್ ಏರಿಳಿಯಬಹುದು, ಓಡಿಸುತ್ತಾ ಸರಿಹೋಗುತ್ತದೆ. ಮ್ಯೂಸಿಕ್ ಸಿಸ್ಟಂ ಕೋಡ್ ಕೇಳುವ ಜಾತಿಯದಾಗಿದ್ದರೆ ಕೋಡ್ ಎಲ್ಲಿದೆ ಅಂತ ಬಿಚ್ಚುವ ಮುಂಚೆ ಹುಡುಕಿಟ್ಟುಕೊಳ್ಳಿ. ತಾನಾಗೇ ಏರುವ ಗ್ಲಾಸು ಇರುವ ಕಾರುಗಳಲ್ಲಿ ಪೂರ್ತಿ ಏರಿಸಿ ಸ್ವಿಚ್ ಕೆಲವು ಸೆಕೆಂಡು ಹಿಡಿದುಕೊಂಡರೆ ಮತ್ತೆ ಕಲಿಯುತ್ತದೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಸಿಗ್ನಲ್ಲಿನಲ್ಲಿ ತಾನಾಗೇ ಆಫ್ ಆಗಿ ಸ್ಟಾರ್ಟ್ ಆಗುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ, ಪದೇಪದೇ ಸ್ಟಾರ್ಟ್ ಆಗುವುದನ್ನು ತಡೆದುಕೊಳ್ಳುವ ಬ್ಯಾಟರಿ ಇರುತ್ತದೆ, ಅದೇ ಜಾತಿಯದೇ ಹಾಕಬೇಕು, ಮಾಮೂಲಿಯದು ಬೇಗ ಸಾಯುತ್ತದೆ. ಕೆಲವು ಹೈಬ್ರಿಡ್ ಕಾರುಗಳಲ್ಲಿ ಸೀಟಿನ ಕೆಳಗೆ ಲಿಥಿಯಂ ಬ್ಯಾಟರಿ ಇನ್ನೊಂದಿದೆ, ಅದನ್ನು ಮುಟ್ಟಬೇಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಕೈ ಹಿಂದಕ್ಕೆ, ಅದು 12 ವೋಲ್ಟ್ ಅಲ್ಲ.

ಮುಂದಿನ ಮಳೆಗಾಲಕ್ಕೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ಮೂರು ವಾರಕ್ಕಿಂತ ಜಾಸ್ತಿ ಕಾರು ನಿಲ್ಲುತ್ತದೆ ಅಂದರೆ ಮೈನಸ್ ಬಿಚ್ಚಿ ಬಟ್ಟೆ ಸುತ್ತಿಡಿ. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ದಿನಾ ಬೆಳಿಗ್ಗೆ ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟು ಆಫ್ ಮಾಡುವುದು ನಮ್ಮ ಕಡೆ ದೊಡ್ಡ ರೂಢಿ. ಐಡ್ಲಿಂಗಿನಲ್ಲಿ ಡೈನಮೋ ಕೊಡುವುದು ಕಡಿಮೆ, ಹೆಡ್‌ಲೈಟ್ ಜೋಡಿಯೇ ಸುಮಾರು 10 ಆಂಪಿಯರ್ ತಿನ್ನುತ್ತದೆ, ಬ್ಲೋವರಿನದು ಬೇರೆ. ಬ್ಯಾಟರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಅದರ ಬದಲು ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ, ಮಂಡಗದ್ದೆ ತನಕ ಹೋಗಿ ಕಾಫಿ ಕುಡಿದು ಬಂದರೂ ಆಯಿತು. ಬಿರಡೆ ಇರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮಳೆ ನೀರು ಶುದ್ಧ ಅಲ್ವಾ ಅನ್ನುತ್ತಾರೆ, ಹೆಂಚಿನ ಮೇಲೆ ಹರಿದು ಬಂದದ್ದು ಎಲ್ಲಿಯ ಶುದ್ಧ. ಆಸಿಡ್ ಅಂತೂ ಯಾವತ್ತೂ ಮೇಲಿಂದ ಸೇರಿಸಬೇಡಿ.

ಹಳೆಯ ಬ್ಯಾಟರಿಯನ್ನು ಬಾಗಿಲಿಗೆ ಬರುವ ಗುಜರಿಯವರಿಗೆ ಕೊಡಬೇಡಿ. ಎಷ್ಟೋ ಕಡೆ ಅದನ್ನು ಅಲ್ಲೇ ಒಡೆದು ಆಸಿಡ್ ಹಳ್ಳಕ್ಕೆ ಸುರಿದು ಸೀಸ ಮಾತ್ರ ಒಯ್ಯುತ್ತಾರೆ. ಆ ಹಳ್ಳದ ನೀರೇ ತೋಟಕ್ಕೆ ಬರುವುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದು ಮರುಬಳಕೆಯ ದಾರಿಗೇ ಹೋಗಬೇಕು, ಹೊಸದು ಕೊಟ್ಟ ಅಂಗಡಿಯವರೇ ಅದನ್ನು ತೆಗೆದುಕೊಂಡು ಬಿಲ್ಲಿನಲ್ಲಿ ಹಣ ಕಳೆಯುತ್ತಾರೆ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ ಒಯ್ಯಿರಿ, ಡಿಕ್ಕಿಯಲ್ಲಿ ಮಲಗಿಸಬೇಡಿ.

ಸದ್ಯಕ್ಕೆ ಇವತ್ತು ಟರ್ಮಿನಲ್ ತೊಳೆದು ಬಿಗಿ ಮಾಡಿ, ಬ್ಯಾಟರಿ ಚಾರ್ಜಿಗೆ ಕಳಿಸಿ. ಒಂದು ರಾತ್ರಿ ಬಿಟ್ಟು ಅಳೆದಾಗ ಎಷ್ಟು ಬಂತು, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯಿತು, ಇಂಜಿನ್ ಓಡುವಾಗ ಎಷ್ಟು, ಈ ಮೂರು ಅಂಕಿ ಬರೆದು ಕಳಿಸಿ. ಹೊಸದು ಬೇಕಾ ಬೇಡವಾ ಅಂತ ಆಗ ಹೇಳುತ್ತೇನೆ.